ಹಿಂದಕ್ಕೆ ಹೋಗುವ ಗುಂಡಿ ಎಲ್ಲಿ?

ತುಂಗಭದ್ರೆಯ ದಂಡೆಯ ಕೆಂಚನಗುಡ್ಡ, ಸಿರುಗುಪ್ಪ ತಾಲ್ಲೂಕಿನ ಭತ್ತದ ಸೀಮೆಯ ಊರು. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ಹಬ್ಬಕ್ಕೆ ಬಂದವನು ತನ್ನ ಐಫೋನನ್ನು ಅಪ್ಪನ ಕೈಗಿಟ್ಟಿದ್ದಾನೆ. ಅಪ್ಪ ಎಂಟು ವರ್ಷ ಆಂಡ್ರಾಯ್ಡ್ ಫೋನಿನಲ್ಲಿ ಪಳಗಿದವರು. ಭತ್ತದ ದರ, ಕಾಲುವೆ ನೀರಿನ ಸುದ್ದಿ, ಗೊಬ್ಬರದಂಗಡಿಯ ಬಾಕಿ ಎಲ್ಲವೂ ಅದರಲ್ಲೇ. ಎರಡು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಕಳಿಸಿದ್ದ ನಾಲ್ಕಾರು ಧ್ವನಿ ಸಂದೇಶಗಳೂ ಅದರಲ್ಲೇ ಇವೆ. ದುಬಾರಿ ಫೋನು ಬಂತೆಂದು ಮನೆಮಂದಿಗೆಲ್ಲ ಹಿಗ್ಗು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಪ್ಪನ ದನಿ ಏರಿತು:

"ಲೇ ತಮ್ಮಾ, ಇದರಾಗ ಹಿಂದಕ್ಕ ಹೋಗೋದು ಹೆಂಗಲೇ?"

ಮಗ ನಗುತ್ತಾನೆ. ಆದರೆ ನಗುವಂಥ ಪ್ರಶ್ನೆಯೇನೂ ಅಲ್ಲ ಇದು.

ಫೋನಿನೊಳಗೆ ಎಲ್ಲ ಕೆಲಸಗಳನ್ನೂ ಹಂಚಿ ಮಾಡಿಸುವ ಒಬ್ಬ ಮೇಸ್ತ್ರಿ ಇರುತ್ತಾನೆ. ಆಪರೇಟಿಂಗ್ ಸಿಸ್ಟಂ ಎಂದು ಅವನಿಗೆ ಹೆಸರು. ಆಪಲ್ ಕಂಪನಿಯ ಐಫೋನು ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಆಂಡ್ರಾಯ್ಡ್‌ನ ಮೊದಲ ಫೋನು ಬಂದದ್ದು 2008ರಲ್ಲಿ. ಕೆಲಸ ಒಂದೇ ಆದರೂ ಇಬ್ಬರು ಮೇಸ್ತ್ರಿಗಳ ರೀತಿ ಬೇರೆ. ಆಂಡ್ರಾಯ್ಡ್‌ನಲ್ಲಿ ತೆರೆಯ ಕೆಳಗೆ ಹಿಂದಕ್ಕೆ ಹೋಗುವ ಗುಂಡಿಯೊಂದು ಬಹುಕಾಲದಿಂದ ಇದೆ. ಐಫೋನಿನಲ್ಲಿ ಆ ಗುಂಡಿಯೇ ಇಲ್ಲ! ತೆರೆಯ ಎಡ ಅಂಚಿನಿಂದ ಒಳಕ್ಕೆ ಬೆರಳು ಎಳೆಯಬೇಕು, ಇಲ್ಲವೇ ಎಡಮೇಲ್ತುದಿಯ ಬಾಣದ ಗುರುತನ್ನು ಮುಟ್ಟಬೇಕು. ಎಂಟು ವರ್ಷ ಕೆಳಕ್ಕೆ ಹೋಗಿ ರೂಢಿಯಾದ ಹೆಬ್ಬೆರಳು ಒಂದೇ ದಿನಕ್ಕೆ ಮೇಲಕ್ಕೆ ಹೋಗು ಎಂದರೆ ಹೋಗುತ್ತದೆಯೇ?

ರೈತರಿಗೆ ಇದು ಹೊಸ ಸಂಗತಿಯಲ್ಲ. ನೊಗದ ಎಡಕ್ಕೆ ಕಟ್ಟಿ ಪಳಗಿಸಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ತಡವರಿಸುತ್ತದೆ. ಎತ್ತಿಗೆ ಬುದ್ಧಿಯಿಲ್ಲವೆಂದಲ್ಲ, ಚೆನ್ನಾಗಿ ಕಲಿತಿದೆಯೆಂದೇ ಹಾಗೆ. ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್ ಇದನ್ನೇ ಸೈಕಲ್ಲಿನ ಮೇಲೆ ಪರೀಕ್ಷಿಸಿ 2015ರಲ್ಲಿ ಜನರ ಮುಂದಿಟ್ಟರು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ತಿರುಗುವ ಸೈಕಲ್ ಅದು. ಹೇಗೆ ತಿರುಗಿಸಬೇಕೆಂಬುದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಬೀಳದೆ ಓಡಿಸಲು ಎಂಟು ತಿಂಗಳು ಬೇಕಾಯಿತು! ಅವರ ಪುಟ್ಟ ಮಗ ಎರಡೇ ವಾರದಲ್ಲಿ ಕಲಿತ. ಇನ್ನೂ ಸೋಜಿಗವೆಂದರೆ, ಆಮೇಲೆ ಮಾಮೂಲಿ ಸೈಕಲ್ ಹತ್ತಿದಾಗ ತಂದೆಗೆ ಸ್ವಲ್ಪ ಹೊತ್ತು ಅದೂ ಬರಲಿಲ್ಲ. ತಿಳಿವಳಿಕೆ ಬೇರೆ, ಕೈಯ ರೂಢಿ ಬೇರೆ. ಮಗ ಹತ್ತು ಸಲ ಬಾಯಲ್ಲಿ ಹೇಳಿದರೆ ಅಪ್ಪನಿಗೆ ತಿಳಿಯುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ಫೋನು ಕಸಿದುಕೊಂಡು ತಾನೇ ಮಾಡಿಕೊಟ್ಟರಂತೂ ಅಪ್ಪನ ಬೆರಳು ಕಲಿಯುವುದೇ ಇಲ್ಲ. ಕಲಿತ ಮಕ್ಕಳು ಮನೆಮನೆಯಲ್ಲಿ ಮಾಡುವ ತಪ್ಪು ಇದೇ.

ಇನ್ನು ಕನ್ನಡ ಬರೆಯುವ ಫಜೀತಿ. ಶಾಲೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿದ ವಿದ್ಯಾರ್ಥಿಗಳಿಗೆ ಇದರ ರುಚಿ ಗೊತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಅದರದು. ಒತ್ತಕ್ಷರಕ್ಕೆ ಎಫ್ ಕೀಲಿ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೆಲಸಕ್ಕೆ ಪಕ್ಕದ ಡಿ ಕೀಲಿ. ಒಂದು ಕೀಲಿಯ ಅಂತರ, ಆದರೂ ವಾರಗಟ್ಟಲೆ ತಪ್ಪು. ಫೋನು ಬದಲಾದಾಗಲೂ ಹೀಗೆಯೇ. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಅದನ್ನು ಸೆಟ್ಟಿಂಗ್ಸಿಗೆ ಹೋಗಿ ಸೇರಿಸಿಕೊಳ್ಳಬೇಕು. ಆಮೇಲೆ ಭೂಗೋಳದ ಚಿತ್ರವಿರುವ ಕೀಲಿ ಮುಟ್ಟಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುತ್ತದೆ.

ಕೀಲಿ ಎಲ್ಲಿದ್ದರೇನು, ಬರೆದ ಅಕ್ಷರ ಮಾತ್ರ ಬದಲಾಗುವುದಿಲ್ಲ. ಇದನ್ನು ವಿದ್ಯಾರ್ಥಿಗಳು ಗಮನಿಸಬೇಕು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯಿದೆ. ಕ ಎಂದರೆ 3221, ನ ಎಂದರೆ 3240, ಒತ್ತು ತರುವ ಗುರುತಿಗೆ 3277, ಡ ಎಂದರೆ 3233. 'ಕನ್ನಡ' ಎಂದು ಬರೆದರೆ ಯಾವ ಫೋನಿನಲ್ಲಾದರೂ ಒಳಗೆ ಕೂರುವುದು 3221, 3240, 3277, 3240, 3233 ಎಂಬ ಐದೇ ಸಂಖ್ಯೆ. ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಐದು! ಹಾಗಾಗಿಯೇ ಅಪ್ಪ ಐಫೋನಿನಿಂದ ಕಳಿಸಿದ ಮಾತನ್ನು ಪಕ್ಕದ ಹೊಲದವರು ಆಂಡ್ರಾಯ್ಡ್‌ನಲ್ಲಿ ಓದಬಲ್ಲರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟಿನಲ್ಲಿ ಟೈಪಾದ ಕಾಗದಪತ್ರಗಳಿಗೆ ಈ ಭಾಗ್ಯವಿಲ್ಲ. ಫಾಂಟು ಇಲ್ಲದ ಕಡೆ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಎಲ್ಲವೂ ಅಕ್ಷರದಷ್ಟು ಸಲೀಸಾಗಿ ದಾಟುವುದಿಲ್ಲ. ಫೋನ್ ನಂಬರುಗಳು, ಫೋಟೋಗಳು ಹೇಗೋ ಬರುತ್ತವೆ. ಹಣ ಕಳಿಸುವ ಆ್ಯಪುಗಳನ್ನು ಹೊಸ ಫೋನಿಗೆ ಸಿಮ್ ಹಾಕಿ ಮತ್ತೆ ನೋಂದಾಯಿಸಿದರಾಯಿತು. ತೊಡಕಿರುವುದು ವಾಟ್ಸ್‌ಆ್ಯಪ್‌ನಲ್ಲಿ. ಆಂಡ್ರಾಯ್ಡ್ ಫೋನು ಅದರ ನಕಲನ್ನು ಗೂಗಲ್ ಖಾತೆಯಲ್ಲಿ ಇಟ್ಟಿರುತ್ತದೆ. ಐಫೋನಿಗೆ ಆ ನಕಲನ್ನು ತೆಗೆದುಕೊಳ್ಳಲು ಬರುವುದಿಲ್ಲ. ನಕಲು ಇದೆಯಲ್ಲ ಎಂಬ ಧೈರ್ಯದ ಮೇಲೆ ಹಳೆಯ ಫೋನನ್ನು ಅಳಿಸಿ ಮಾರಿಬಿಟ್ಟವರು ಪೇಚಾಡುವುದು ಇಲ್ಲಿಯೇ. 2022ರಲ್ಲಿ ಒಂದು ದಾರಿ ತೆರೆಯಿತು. ಆಂಡ್ರಾಯ್ಡ್‌ಗೆ 'ಮೂವ್ ಟು ಐಓಎಸ್' ಎಂಬ ಆ್ಯಪ್ ಹಾಕಿಕೊಂಡು, ಎರಡೂ ಫೋನುಗಳನ್ನು ಚಾರ್ಜಿಗೆ ಹಚ್ಚಿ ಒಂದೇ ವೈಫೈಗೆ ಜೋಡಿಸಿ, ಸಂದೇಶಗಳನ್ನು ದಾಟಿಸಬಹುದು. ಆದರೆ ಐಫೋನು ಹೊಸದಾಗಿರಬೇಕು, ಇಲ್ಲವೇ ಪೂರ್ತಿ ಅಳಿಸಿ ಹೊಸದರಂತೆ ಮಾಡಿರಬೇಕು. ನಂಬರೂ ಹಳೆಯದೇ ಇರಬೇಕು. ಅಂದರೆ ಮಗ ಫೋನನ್ನು ಅಪ್ಪನ ಕೈಗಿಡುವ ಮೊದಲೇ ಯೋಚಿಸಬೇಕಾದ ಕೆಲಸವಿದು. ಎರಡು ದಿನ ಬಳಸಿದ ಮೇಲೆ ನೆನಪಾದರೆ ಐಫೋನನ್ನು ಅಳಿಸಿ ಮೊದಲಿನಿಂದ ಶುರುಮಾಡಬೇಕು.

ಬೆರಳಿನ ರೂಢಿ ತಿಂಗಳೊಪ್ಪತ್ತಿನಲ್ಲಿ ತಿದ್ದಿಕೊಂಡೀತು. ಅಳಿಸಿಹೋದ ದನಿಯನ್ನು ಯಾವ ಅಂಗಡಿಯಿಂದ ತರುವುದು? ಸಂದೇಶಗಳು ದಾಟಿದವೆಂದು ತೆರೆಯ ಮೇಲೆ ಬಂದರಷ್ಟೇ ಸಾಲದು. ಹೊಸ ಫೋನಿನಲ್ಲಿ ಅಮ್ಮನ ಹೆಸರು ಹುಡುಕಿ, ಆ ನಾಲ್ಕಾರು ಸಂದೇಶಗಳನ್ನು ಒಂದೊಂದಾಗಿ ಅಪ್ಪನ ಕಿವಿಗೆ ಹಿಡಿದು ಕೇಳಿಸಬೇಕು. ಅಲ್ಲಿಯವರೆಗೆ ಹಳೆಯ ಫೋನು ಚಾರ್ಜ್ ಮಾಡಿಸಿಕೊಂಡು ಗೋಡೆಯ ಗೂಡಿನಲ್ಲೇ ಇರಲಿ.