ನಾದದಿಂದ ನೌಕರಿಯವರೆಗೆ

ಅಂಗವಿಕಲರನ್ನು ಕಂಡೊಡನೆ ಮರುಗುವ ಮನಸ್ಸು ನಮ್ಮ ಜನರಲ್ಲಿ ಧಾರಾಳವಾಗಿದೆ. ಕೈಯೆತ್ತಿ ನಾಲ್ಕು ಕಾಸು ಕೊಡಲು ಯಾರೂ ಹಿಂಜರಿಯುವುದಿಲ್ಲ. ಆದರೆ ಅವರಿಗೆ ಕೆಲಸವೊಂದನ್ನು ಒಪ್ಪಿಸುವ ಪ್ರಸಂಗ ಬಂದಾಗ ಅದೇ ಮನಸ್ಸು ಅನುಮಾನಿಸುತ್ತದೆ. ಈ ಅನುಮಾನಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಬಹುಕಾಲದ ಹಿಂದೆಯೇ ಉತ್ತರವಿತ್ತಿದೆ.

ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು, ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಅವರು, ತಮಗೊದಗಿದ ವಿದ್ಯೆ ತಮ್ಮೊಬ್ಬರಿಗೇ ಸಾಕೆಂದು ಸುಮ್ಮನಿರಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತುತ್ತ ಪಾಠ ಹೇಳಿದರು. ನಾಟಕ ಮಂಡಳಿಯನ್ನು ಕಟ್ಟಿ ಅದರ ಗಳಿಕೆಯಿಂದ ಶಿಷ್ಯರನ್ನು ಸಲಹಿದರು. ಕಡೆಗೆ ಗದಗಿನಲ್ಲಿ ನೆಲೆನಿಂತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಣ್ಮರೆಯಾಗುವವರೆಗೂ ಆ ಹೊಣೆಯನ್ನು ಹೊತ್ತರು.

ಆಶ್ರಮವು ಮಕ್ಕಳಿಗೆ ಅನ್ನವಿಕ್ಕಿದ್ದು ನಿಜ. ಅನ್ನವನ್ನು ಗಳಿಸುವ ಹಾದಿಯನ್ನೂ ತೋರಿಸಿತೆಂಬುದೇ ಅದರ ಹಿರಿಮೆ. ಅಲ್ಲಿ ಹಾಡನ್ನೋ, ಹಾರ್ಮೋನಿಯಂ, ತಬಲಾಗಳನ್ನೋ ಕಲಿತವರು ಸಂಗೀತ ಶಿಕ್ಷಕರಾಗಿ, ಪಕ್ಕವಾದ್ಯಗಾರರಾಗಿ ಸ್ವಂತ ಸಂಸಾರವನ್ನು ಸಾಗಿಸಿದರು. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಬಳಿಯಲ್ಲಿಯೇ ಕಲಿತು ನಾಡಿನ ಹಿರಿಯ ಗಾಯಕರಾದರು. ಕಣ್ಣುಳ್ಳವರು ಅಂಧರ ಮುಂದೆ ಕುಳಿತು ಕಲಿಯುವ ಕಡೆ ಕನಿಕರಕ್ಕೆ ಎಡೆಯೆಲ್ಲಿ?

ಆದರೆ ಅಂಧರೆಲ್ಲರಿಗೂ ಸಂಗೀತ ಒಲಿಯುವುದಿಲ್ಲ. ಒಲಿಯಲೇಬೇಕೆಂದು ಬಯಸುವುದೂ ನ್ಯಾಯವಲ್ಲ. ಲೆಕ್ಕ ಬರೆಯುವ, ಪಾಠ ಹೇಳುವ, ಯಂತ್ರ ನಡೆಸುವ ಆಸೆ ಅವರಿಗೂ ಉಂಟು. 1995ರ ಕಾಯಿದೆಯು ಅಂಗವಿಕಲರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3ರಷ್ಟನ್ನು ಮೀಸಲಿಟ್ಟಿತು. 2016ರ ಕಾಯಿದೆಯು ಅದನ್ನು ಶೇಕಡಾ 4ಕ್ಕೆ ಏರಿಸಿ, 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಖಾಸಗಿ ಸಂಸ್ಥೆಗಳಿಗೆ ಮಾತ್ರ ಮೀಸಲಾತಿಯ ಕಡ್ಡಾಯವಿಲ್ಲ; ಅಲ್ಲಿ ಬಾಗಿಲು ತೆರೆಯುವುದು ಮಾಲೀಕರ ಮನಸ್ಸನ್ನು ಅವಲಂಬಿಸಿದೆ.

ಬಾಗಿಲು ತೆರೆದರಷ್ಟೇ ಸಾಲದು. ಗಾಲಿಕುರ್ಚಿಯವರಿಗೆ ಮೆಟ್ಟಿಲಿನ ಪಕ್ಕದಲ್ಲೊಂದು ಇಳಿಜಾರು, ಅಂಧರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿಹೇಳುವ ಕಂಪ್ಯೂಟರು, ಕಿವಿ ಕೇಳದವರಿಗೆ ಬರಹದಲ್ಲಿ ಸೂಚನೆ ಇವಿಷ್ಟು ಅಗತ್ಯ. ಇದನ್ನು ಉಪಕಾರವೆಂದು ಎಣಿಸಬೇಕಾಗಿಲ್ಲ. ಉಳಿದ ನೌಕರರಿಗೆ ದೀಪ, ಕುರ್ಚಿಗಳನ್ನು ಒದಗಿಸುವಂತೆಯೇ ಇದೂ ಒಂದು ಏರ್ಪಾಡು.

ಮನೆಯವರ ಪಾಲೂ ಇದರಲ್ಲಿದೆ. ನೆಂಟರಿಷ್ಟರು ಬಂದಾಗ ಅಂಗವಿಕಲ ಮಗುವನ್ನು ಒಳಕೋಣೆಗೆ ಕಳುಹಿಸುವ ತಾಯಿತಂದೆಯರ ಪ್ರೀತಿ ದೊಡ್ಡದಿರಬಹುದು. ಆ ಮಗು ಕಲಿಯುವ ಮೊದಲ ಪಾಠ ಮಾತ್ರ, ತಾನು ಹೊರಗೆ ಬರತಕ್ಕವನಲ್ಲ ಎಂಬುದು. ಗವಾಯಿಗಳು ಶಿಷ್ಯನಲ್ಲಿ ಇಲ್ಲದ ಕಣ್ಣನ್ನು ಎಣಿಸದೆ, ಇದ್ದ ಕಿವಿಯನ್ನೂ ಕೈಯನ್ನೂ ನೆಚ್ಚಿದರು. ಆ ನೆಚ್ಚಿಕೆ ನಮ್ಮ ಮನೆಗಳಿಗೂ ಕಚೇರಿಗಳಿಗೂ ಬಂದಾಗಲೇ ಕಾಯಿದೆಯ ಅಕ್ಷರಗಳಿಗೆ ಜೀವ ಬಂದೀತು.