ಎಡಗೈ ಬಳಸುವ, ಸಣ್ಣ ಮೈಕಟ್ಟಿನ ರೈತ ಮಹಿಳೆಗೆ ಬೆಳೆ ರಕ್ಷಣೆ ಕೋವಿ: ಆಯ್ಕೆ ಮತ್ತು ಅಳತೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿ ಪ್ರಮುಖ ಬೆಳೆಗಳಾಗಿವೆ. ಕಾಡಂಚಿನ ಗದ್ದೆ ಹಾಗೂ ತೋಟಗಳಲ್ಲಿ ಕಾಡುಹಂದಿ, ಮಂಗ ಮತ್ತು ನವಿಲುಗಳ ಕಾಟದಿಂದ ಫಸಲನ್ನು ಉಳಿಸಿಕೊಳ್ಳಲು ಅನೇಕ ಕುಟುಂಬಗಳು ಪರವಾನಗಿ ಪಡೆದ ಕೋವಿಯನ್ನು ಹೊಂದಿವೆ. ಮನೆಯ ಯಜಮಾನರ ನಿಧನಾನಂತರ ಅಥವಾ ಗಂಡಸರು ಊರಿನಿಂದ ಹೊರಗೆ ದುಡಿಯುವ ಮನೆಗಳಲ್ಲಿ ಜಮೀನಿನೊಡನೆ ಈ ಹೊಣೆಯೂ ಮಹಿಳೆಯ ಪಾಲಿಗೆ ಬರುತ್ತದೆ. ಆದರೆ ಮನೆಯಲ್ಲಿರುವ ಕೋವಿಯು ಸಾಮಾನ್ಯವಾಗಿ ಎತ್ತರದ, ಬಲಗೈ ಬಳಸುವ ಪುರುಷನ ಅಳತೆಗೆ ತಯಾರಾದುದು. ಐದು ಅಡಿ ಎತ್ತರದ, ಎಡಗೈ ಬಳಸುವ ಮಹಿಳೆಗೆ ಅದು ಉದ್ದವೂ ಭಾರವೂ ಆಗುತ್ತದೆ. ಕೆಲವು ಸಂದರ್ಭಗಳಲ್ಲಿ ಅಪಾಯಕಾರಿಯೂ ಆಗುತ್ತದೆ.

ಅಳತೆ ಏಕೆ ಮುಖ್ಯ?

ಪ್ರಾಣಿಗಳನ್ನು ಹೆದರಿಸಲಷ್ಟೇ ಕೋವಿ ಹಾರಿಸುವುದರಿಂದ ಅಳತೆ ಮುಖ್ಯವಲ್ಲವೆಂಬ ಭಾವನೆ ಇದೆ. ಇದು ಸರಿಯಲ್ಲ. ಕೋವಿಯ ಬುಡವು ಭುಜಕ್ಕೆ ಸರಿಯಾಗಿ ಕೂರದಿದ್ದರೆ ಅದರ ಒದೆತವು ತೋಳು, ದವಡೆ ಅಥವಾ ಎದೆಗೆ ಬೀಳುತ್ತದೆ. ಉದ್ದ ಹೆಚ್ಚಾದಾಗ ಅನೇಕರು ಬುಡವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಾರಿಸುತ್ತಾರೆ. ಆಗ ನಳಿಗೆಯ ದಿಕ್ಕು ಹಿಡಿತದಲ್ಲಿ ಉಳಿಯುವುದಿಲ್ಲ. ಚರೆಗಳು ಇನ್ನೂರು ಮೀಟರಿಗೂ ಹೆಚ್ಚು ದೂರ ಹಾರಬಲ್ಲವು. ಪಕ್ಕದ ಗದ್ದೆಯಲ್ಲಿ ಕಾವಲಿರುವವರ ಸುರಕ್ಷತೆಯು ನಳಿಗೆಯ ಮೇಲಿನ ಹಿಡಿತವನ್ನೇ ಅವಲಂಬಿಸಿದೆ.

ಕೇಪಿನ ಕೋವಿ ಮತ್ತು ಎಡಗೈ

1959ರ ಆಯುಧ ಅಧಿನಿಯಮದ 13ನೇ ಕಲಮು ನೈಜ ಬೆಳೆ ರಕ್ಷಣೆಗಾಗಿ ಬಾಯಿಯ ಕಡೆಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ನಮ್ಮಲ್ಲಿ ಇದನ್ನೇ ಕೇಪಿನ ಕೋವಿ ಎನ್ನುತ್ತಾರೆ. ಇದರ ಸುತ್ತಿಗೆ ಮತ್ತು ಕೇಪು ಕೂರಿಸುವ ತುದಿಯು ಸಾಮಾನ್ಯವಾಗಿ ಬಲ ಪಾರ್ಶ್ವದಲ್ಲಿರುತ್ತವೆ. ಬಲಭುಜದಿಂದ ಹಾರಿಸುವವರ ಮುಖವು ಕೋವಿಯ ಎಡ ಪಾರ್ಶ್ವದಲ್ಲಿರುವುದರಿಂದ ಕಿಡಿಯು ಮುಖದಿಂದ ಆಚೆಗೆ ಸಿಡಿಯುತ್ತದೆ. ಎಡಭುಜಕ್ಕೆ ಹಿಡಿದಾಗ ಮುಖವು ಬಲ ಪಾರ್ಶ್ವಕ್ಕೆ ಬರುತ್ತದೆ. ಕಿಡಿ ಹಾಗೂ ಕೇಪಿನ ಚೂರುಗಳು ಕಣ್ಣಿನ ಸಮೀಪದಲ್ಲೇ ಸಿಡಿಯುತ್ತವೆ. ಆದ್ದರಿಂದ ಎಡಗೈ ಬಳಸುವವರಿಗೆ ಕೇಪಿನ ಕೋವಿ ಸೂಕ್ತವಲ್ಲ. ಅನಿವಾರ್ಯವಾದಲ್ಲಿ ಪಕ್ಕಗಳನ್ನೂ ಮುಚ್ಚುವ ರಕ್ಷಣಾ ಕನ್ನಡಕವನ್ನು ತಪ್ಪದೆ ಧರಿಸಬೇಕು.

ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆ ಕೋವಿಗೆ ಪರವಾನಗಿ ನೀಡಲು ಇದೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿದಾರರು ತಮ್ಮ ಜಮೀನಿನ ಪರಿಸ್ಥಿತಿಯ ಜೊತೆಗೆ ಎಡಗೈ ಬಳಕೆಯ ಕಾರಣವನ್ನೂ ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಒಳಿತು. ನಿರ್ಧಾರವು ಪ್ರಾಧಿಕಾರಕ್ಕೆ ಸೇರಿದ್ದು.

ತೋಟಾ ಕೋವಿಗಳಲ್ಲಿ ಆಯ್ಕೆ

1. ನಡುವೆ ಮಡಚಿ ತೋಟಾ ತುಂಬುವ ಒಂಟಿ ನಳಿಗೆ ಅಥವಾ ಜೋಡು ನಳಿಗೆ ಕೋವಿ ಎಡಗೈಯವರಿಗೆ ಅತ್ಯಂತ ಸೂಕ್ತ. ಸುರಕ್ಷತಾ ಗುಂಡಿಯು ಹಿಡಿಯ ಮೇಲ್ಭಾಗದ ನಡುವೆ ಇರುವಂಥದನ್ನು ಆರಿಸಿದರೆ ಯಾವ ಕೈಯಿಂದಲಾದರೂ ಬಳಸಬಹುದು. ಮಡಚಿದೊಡನೆ ನಳಿಗೆ ಖಾಲಿ ಇದೆಯೇ ಎಂಬುದು ಎಲ್ಲರಿಗೂ ಕಾಣುತ್ತದೆ.

2. ಪಂಪ್ ಮಾದರಿಯ ಕೋವಿಗಳಲ್ಲಿ ಖಾಲಿ ತೋಟಾ ಸಾಮಾನ್ಯವಾಗಿ ಬಲಕ್ಕೆ ಹಾರುತ್ತದೆ. ಎಡಭುಜದಿಂದ ಹಾರಿಸುವವರಿಗೆ ಅದು ಕಣ್ಣ ಮುಂದೆಯೇ ಹಾಯುತ್ತದೆ. ಇಂಥವನ್ನು ಆರಿಸದಿರುವುದು ಲೇಸು.

3. ಹಗುರವಾದ ಕೋವಿಯೇ ಉತ್ತಮವೆಂದು ಭಾವಿಸಬಾರದು. ಒಂದೇ ಬಗೆಯ ತೋಟಾ ಬಳಸಿದಾಗ ಹಗುರವಾದ ಕೋವಿಯೇ ಹೆಚ್ಚು ಒದೆಯುತ್ತದೆ. ಸುಮಾರು ಮೂರು ಕಿಲೋ ತೂಕದ 12 ಬೋರ್ ಕೋವಿಗೆ 24ರಿಂದ 28 ಗ್ರಾಂ ಚರೆಯ ಲಘು ತೋಟಾ ಬಳಸಿದರೆ ಒದೆತ ಸಹನೀಯವಾಗಿರುತ್ತದೆ.

4. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಮತ್ತೊಂದು ತೋಟಾ ಹಾರಿಸಿದರೆ ನಳಿಗೆ ಒಡೆಯುತ್ತದೆ. ಎರಡೂ ಬಗೆಯ ತೋಟಾಗಳನ್ನು ಒಂದೇ ಮನೆಯಲ್ಲಿ ಬೆರೆಸಿ ಇಡಬಾರದು. ಹಳೆಯ ಕೋವಿಗಳಲ್ಲಿ ತೋಟಾ ಕೂರುವ ಕೋಣೆ 65 ಮಿ.ಮೀ. ಇರಬಹುದು, ಅದಕ್ಕೆ 70 ಮಿ.ಮೀ. ತೋಟಾ ಬಳಸಬಾರದು.

ಅಳತೆ ನೋಡುವ ಕ್ರಮ

ಮೊದಲು ಕೋವಿಯನ್ನು ಮಡಚಿ, ಖಾಲಿ ಇರುವುದನ್ನು ಇಬ್ಬರು ಖಚಿತಪಡಿಸಿಕೊಳ್ಳಬೇಕು. ತೋಟಾಗಳು ಬೇರೆ ಕೋಣೆಯಲ್ಲಿರಲಿ. ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ ಗಟ್ಟಿ ಗೋಡೆಯ ಮೇಲಿನ ಗುರುತಿನತ್ತ ಹಿಡಿಯಬೇಕು.

ಕಣ್ಣಿನ ಪರೀಕ್ಷೆ: ಎರಡೂ ಅಂಗೈಗಳನ್ನು ಮುಂದೆ ಚಾಚಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ದೂರದ ಅಡಿಕೆ ಮರವೊಂದನ್ನು ನೋಡಿರಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿರಿ. ಯಾವ ಕಣ್ಣು ತೆರೆದಿದ್ದಾಗ ಮರವು ಕಿಂಡಿಯಲ್ಲೇ ಉಳಿಯುವುದೋ ಅದೇ ಪ್ರಧಾನ ಕಣ್ಣು. ಎಡಗೈ ಬಳಸುವ ಎಲ್ಲರಿಗೂ ಎಡಗಣ್ಣೇ ಪ್ರಧಾನವಾಗಿರುವುದಿಲ್ಲ. ಬಲಗಣ್ಣು ಪ್ರಧಾನವಾಗಿದ್ದರೆ ಬಲಭುಜದಿಂದ ಅಭ್ಯಾಸ ಮಾಡುವುದೋ, ಎಡಭುಜದಿಂದ ಬಲಗಣ್ಣು ಮುಚ್ಚಿ ಹಿಡಿಯುವುದೋ ಎಂಬುದನ್ನು ತರಬೇತುದಾರರೊಡನೆ ನಿರ್ಧರಿಸಬೇಕು. ಕೋವಿ ಕೊಳ್ಳುವ ಮುನ್ನವೇ ಈ ಪರೀಕ್ಷೆ ಆಗಬೇಕು.

ಉದ್ದ: ಟ್ರಿಗರ್‌ನಿಂದ ಬುಡದ ನಡುಭಾಗದವರೆಗಿನ ಅಂತರವು ಕಾರ್ಖಾನೆಯ ಕೋವಿಗಳಲ್ಲಿ ಸಾಮಾನ್ಯವಾಗಿ 36ರಿಂದ 37 ಸೆಂ.ಮೀ. ಇರುತ್ತದೆ. ಐದು ಅಡಿ ಎತ್ತರದ ಮಹಿಳೆಗೆ ಸುಮಾರು 32ರಿಂದ 34 ಸೆಂ.ಮೀ. ಸಾಕು. ಭುಜಕ್ಕೇರಿಸಿದಾಗ ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಅಂತರವಿರಲಿ. ಅಂತರ ಕಡಿಮೆಯಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಮಳೆಗಾಲದ ಕಾವಲಿಗೆ ತೊಡುವ ಕಂಬಳಿ ಅಥವಾ ಮಳೆಯಂಗಿಯನ್ನು ತೊಟ್ಟುಕೊಂಡೇ ಅಳೆಯಬೇಕು.

ವಾಲು: ಬಲಗೈಯವರಿಗಾಗಿ ಮಾಡಿದ ಕೋವಿಯ ಬುಡವು ತುಸು ಬಲಕ್ಕೆ ವಾಲಿರುತ್ತದೆ. ಎಡಗೈಯವರಿಗೆ ಅದು ತುಸು ಎಡಕ್ಕೆ ವಾಲಿರಬೇಕು. ಕಣ್ಣು ಮುಚ್ಚಿ ಕೋವಿಯನ್ನು ಎಡಭುಜಕ್ಕೇರಿಸಿ, ಬಳಿಕ ಕಣ್ಣು ತೆರೆಯಿರಿ. ನಳಿಗೆಯ ಬಲ ಪಾರ್ಶ್ವ ಕಾಣುತ್ತಿದ್ದರೆ ವಾಲು ಒಪ್ಪುತ್ತಿಲ್ಲವೆಂದು ತಿಳಿಯಬೇಕು. ಆಗ ಗುರಿ ಬಲಕ್ಕೆ ತಪ್ಪುತ್ತದೆ. ಯಾವ ಕಡೆಗೂ ವಾಲಿಲ್ಲದ ನೇರ ಬುಡದ ಕೋವಿಯು ಮಧ್ಯಮ ಪರಿಹಾರವಾಗಬಲ್ಲದು.

ಬುಡದ ಕೆಳತುದಿ: ಇದು ಮಹಿಳೆಯರ ಎದೆಯ ಮೇಲ್ಭಾಗಕ್ಕೆ ಚುಚ್ಚುವ ಸಂಭವ ಹೆಚ್ಚು. ತುದಿಯನ್ನು ದುಂಡಗೆ ಮಾಡಿಸಿ, ತುಸು ಹೊರಕ್ಕೆ ತಿರುಗಿಸಿ, ರಬ್ಬರ್ ಮೆತ್ತೆ ಹಾಕಿಸುವುದರಿಂದ ನೋವು ಬಹುಮಟ್ಟಿಗೆ ತಪ್ಪುತ್ತದೆ.

ಮನೆಯಲ್ಲಿರುವ ಕೋವಿಯನ್ನು ಸರಿಪಡಿಸುವುದು

ಮನೆಯ ತೋಟಾ ಕೋವಿಯ ಬುಡವನ್ನು ಕತ್ತರಿಸಿ ಗಿಡ್ಡ ಮಾಡಿಸಿದರೆ ಹೊಸ ಕೋವಿಯ ಖರ್ಚು ಉಳಿಯುತ್ತದೆ. ಈ ಕೆಲಸವನ್ನು ಪರವಾನಗಿ ಹೊಂದಿದ ಕೋವಿ ದುರಸ್ತಿದಾರರಿಂದಲೇ ಮಾಡಿಸಬೇಕು. ಒಮ್ಮೆಗೇ ಹೆಚ್ಚು ಕತ್ತರಿಸದೆ ಒಂದೊಂದು ಸೆಂ.ಮೀ. ತೆಗೆದು ಹಿಡಿದು ನೋಡಬೇಕು. ಕತ್ತರಿಸಿದ ತುಂಡನ್ನು ಕಾಯ್ದಿಟ್ಟರೆ ಮುಂದೆ ಮರುಜೋಡಿಸಬಹುದು. ಕತ್ತರಿಸುವುದು ಮರವನ್ನು ಮಾತ್ರ. ನಳಿಗೆಯನ್ನು ಅನಧಿಕೃತವಾಗಿ ಗಿಡ್ಡ ಮಾಡುವುದು ಆಯುಧ ಅಧಿನಿಯಮದ 6ನೇ ಕಲಮಿನಂತೆ ನಿಷಿದ್ಧ.

ಪರವಾನಗಿ ಮತ್ತು ಕಾನೂನು

ಪರವಾನಗಿ ಬೇರೊಬ್ಬರ ಹೆಸರಿನಲ್ಲಿದ್ದರೆ ಆ ಕೋವಿಯನ್ನು ಮಹಿಳೆ ತನ್ನದೆಂದು ಬಳಸುವಂತಿಲ್ಲ. 2016ರ ಆಯುಧ ನಿಯಮಗಳಂತೆ ಪರವಾನಗಿದಾರರ ಮರಣಾನಂತರ, ಅಥವಾ ಅವರಿಗೆ 70 ವರ್ಷ ತುಂಬಿದ ಬಳಿಕ ಇಲ್ಲವೆ ಅವರು 25 ವರ್ಷ ಕೋವಿ ಹೊಂದಿದ ಬಳಿಕ, ವಾರಸುದಾರರು ಅರ್ಜಿ ಸಲ್ಲಿಸಬಹುದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಸುರಕ್ಷತಾ ತರಬೇತಿಯೂ ಆಗಿರಬೇಕು. ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತಾರೆ.

ಬೆಳೆ ರಕ್ಷಣೆಯ ಪರವಾನಗಿಯು ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ನವಿಲು, ಕಾಡುಹಂದಿ ಮುಂತಾದ ಪ್ರಾಣಿಗಳನ್ನು ಅನುಮತಿಯಿಲ್ಲದೆ ಕೊಲ್ಲುವುದು ಅಪರಾಧ. ಬೆಳೆ ನಷ್ಟವಾದಲ್ಲಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಚುನಾವಣಾ ಸಮಯದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬರಬಹುದಾದ್ದರಿಂದ ಸೌರ ಬೇಲಿಯಂತಹ ಬೇರೆ ಕ್ರಮಗಳೂ ಸಿದ್ಧವಿರಲಿ.

ವಿಸ್ತರಣಾ ಕಾರ್ಯಕರ್ತರಿಗೆ

ರೈತ ಮಹಿಳೆಯರು ಈ ವಿಷಯದಲ್ಲಿ ಸಲಹೆ ಕೇಳಿದಾಗ ಮೊದಲು ಪರವಾನಗಿ ಯಾರ ಹೆಸರಿನಲ್ಲಿದೆ, ಕೋವಿ ಕೇಪಿನದೋ ತೋಟಾದ್ದೋ, ಪ್ರಧಾನ ಕಣ್ಣು ಯಾವುದು ಎಂಬ ಮೂರು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಅಳತೆ ಅನಂತರದ್ದು. ಅಟ್ಟಣೆ ಏರುವಾಗ, ಬೇಲಿ ದಾಟುವಾಗ ಕೋವಿ ಖಾಲಿ ಇರಬೇಕೆಂಬುದನ್ನು ಪ್ರತಿ ಭೇಟಿಯಲ್ಲೂ ನೆನಪಿಸಬೇಕು. ಅಳತೆ ಒಪ್ಪದ ಕೋವಿಯನ್ನು ಹೇಗೋ ನಿಭಾಯಿಸುವಂತೆ ಸಲಹೆ ನೀಡಬಾರದು. ಸರಿಪಡಿಸುವವರೆಗೆ ಅದನ್ನು ಬೀಗ ಹಾಕಿ ಇಟ್ಟು, ತಮಟೆ, ಪಟಾಕಿ, ಬೆಳಕುಗಳಿಂದ ಕಾವಲು ನಡೆಸುವುದೇ ಕ್ಷೇಮ.