ಹತ್ತನೆಯ ನಂಬರಿನ ಪೆಟ್ಟಿಗೆ

ಆಟದ ಸಾಮಾನು ಮಕ್ಕಳ ಸೊತ್ತೆಂದೂ, ಮಕ್ಕಳು ದೊಡ್ಡವರಾದೊಡನೆ ಅದು ಅಟ್ಟವನ್ನು ಸೇರತಕ್ಕದ್ದೆಂದೂ ನಾವೆಲ್ಲರೂ ತಿಳಿದಿರುವೆವು. ಆದರೆ ತಲೆ ನರೆತ ಗೃಹಸ್ಥರು ಒಂದು ಆಟದ ಸಾಮಾನನ್ನು ಬೀರುವಿನಲ್ಲಿಟ್ಟು, ಅದರ ಬೀಗದ ಕೈಯನ್ನು ತಮ್ಮ ಬಳಿಯಲ್ಲಿಯೇ ಇಟ್ಟುಕೊಂಡು, ವಾರಕ್ಕೊಮ್ಮೆ ತೆಗೆದು ಒರೆಸಿ ಎಣಿಸಿಡುವರೆಂದರೆ ಕೇಳಿದವರಿಗೆ ನಗೆ ಬಾರದಿರದು. ಇಂಗ್ಲೆಂಡಿನಲ್ಲಿಯೂ ಇತರ ಅನೇಕ ದೇಶಗಳಲ್ಲಿಯೂ ಇಂಥವರು ಸಾವಿರಾರು ಮಂದಿ ಇರುವರು. ಅವರು ಹೀಗೆ ಕಾಯುವ ವಸ್ತುವೆಂದರೆ ‘ಮೆಕ್ಯಾನೋ’ ಎಂಬ ಉಕ್ಕಿನ ಜೋಡಣೆಯ ಆಟದ ಪೆಟ್ಟಿಗೆ. ಅದರಲ್ಲಿಯೂ ಎಲ್ಲಕ್ಕಿಂತ ದೊಡ್ಡದಾದ ಹತ್ತನೆಯ ನಂಬರಿನ ಪೆಟ್ಟಿಗೆ. ನಗುವುದಕ್ಕೆ ಮುಂಚೆ ಆ ಪೆಟ್ಟಿಗೆಯೊಳಗೆ ಏನಿದೆ, ಅದನ್ನು ಹೊಂದಿರುವುದೆಂದರೆ ಎಂಥ ಹೊಣೆ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಈ ಆಟವನ್ನು ಕಂಡುಹಿಡಿದಾತನು ಇಂಜಿನಿಯರನಲ್ಲ. ಲಿವರ್‌ಪೂಲ್ ನಗರದಲ್ಲಿ ಮಾಂಸವನ್ನು ಪರದೇಶದಿಂದ ತರಿಸುತ್ತಿದ್ದ ಡೇವಿಡ್ ಎಲಿಯಟ್ ಎಂಬ ವರ್ತಕನ ಬಳಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತನವನು, ಹೆಸರು ಫ್ರಾಂಕ್ ಹಾರ್ನ್‌ಬಿ, ಹುಟ್ಟಿದುದು ೧೮೬೩ರಲ್ಲಿ. ತನ್ನ ಗಂಡುಮಕ್ಕಳಿಗಾಗಿ ತಗಡನ್ನು ಕತ್ತರಿಸಿ ಸೇತುವೆ, ಭಾರ ಎತ್ತುವ ಕ್ರೇನು ಮೊದಲಾದ ಆಟಿಕೆಗಳನ್ನು ಅವನು ಮನೆಯಲ್ಲಿಯೇ ಮಾಡಿಕೊಡುತ್ತಿದ್ದನು. ಒಂದೊಂದು ಆಟಿಕೆಗೂ ಹೊಸದಾಗಿ ತುಂಡುಗಳನ್ನು ಕತ್ತರಿಸುವ ಶ್ರಮವೇಕೆ, ಎಲ್ಲ ಪಟ್ಟಿಗಳಲ್ಲಿಯೂ ಸಮಾನ ಅಂತರದಲ್ಲಿ ರಂಧ್ರಗಳನ್ನು ಕೊರೆದರೆ ಅವೇ ತುಂಡುಗಳಿಂದ ಇಂದು ಸೇತುವೆಯನ್ನೂ ನಾಳೆ ಕ್ರೇನನ್ನೂ ಕಟ್ಟಬಹುದಲ್ಲವೆ ಎಂದು ಅವನಿಗೆ ಹೊಳೆಯಿತು. ಈ ಹೊಳಹೇ ಸರ್ವಸ್ವ. ಪೇಟೆಂಟು ಪಡೆಯುವುದಕ್ಕೆ ಅವನ ಕೈಯಲ್ಲಿ ಹಣವಿರಲಿಲ್ಲ. ಯಜಮಾನನು ೫ ಪೌಂಡುಗಳನ್ನು ಸಾಲವಾಗಿ ಕೊಟ್ಟನು. ೧೯೦೧ರಲ್ಲಿ ಪೇಟೆಂಟು ದೊರೆಯಿತು. ಮರುವರ್ಷ ಮಾರಾಟಕ್ಕೆ ಬಂದ ಮೊದಲ ಪೆಟ್ಟಿಗೆಯಲ್ಲಿ ಇದ್ದುದು ೧೬ ಬಗೆಯ ತುಂಡುಗಳು ಮಾತ್ರ. ೧೯೦೭ರಲ್ಲಿ ಅದಕ್ಕೆ ‘ಮೆಕ್ಯಾನೋ’ ಎಂಬ ಹೆಸರಾಯಿತು. ೧೯೧೪ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ಗುಮಾಸ್ತನಾಗಿದ್ದವನು ೧೯೩೧ರಲ್ಲಿ ಪಾರ್ಲಿಮೆಂಟಿನ ಸದಸ್ಯನೂ ಆಗಿ, ೧೯೩೬ರಲ್ಲಿ ತೀರಿಕೊಂಡನು.

ಪಟ್ಟಿಯ ಮೇಲಿನ ರಂಧ್ರದಿಂದ ರಂಧ್ರಕ್ಕೆ ಅರ್ಧ ಅಂಗುಲ. ಇದೇ ಈ ಆಟದ ಮೂಲಸೂತ್ರ. ಎಂಟು ದಶಕಗಳ ಕಾಲ ಕಾರ್ಖಾನೆಯು ಬಣ್ಣವನ್ನು ಬದಲಿಸಿತು, ಪೆಟ್ಟಿಗೆಯ ಚಿತ್ರವನ್ನು ಬದಲಿಸಿತು, ಬೆಲೆಯನ್ನು ಬದಲಿಸಿತು; ಆದರೆ ಆ ಅರ್ಧ ಅಂಗುಲವನ್ನು ಮುಟ್ಟಲಿಲ್ಲ. ಆದುದರಿಂದಲೇ ಅಜ್ಜನ ಕಾಲದ ಪಟ್ಟಿಗೆ ಮೊಮ್ಮಗನ ಕಾಲದ ಪಟ್ಟಿಯನ್ನು ಒಂದು ಬೋಲ್ಟು, ಒಂದು ನಟ್ಟುಗಳಿಂದ ಇಂದಿಗೂ ಬಿಗಿಯಬಹುದು. ಇಷ್ಟು ದೀರ್ಘಕಾಲ ಕೊಟ್ಟ ಮಾತಿಗೆ ತಪ್ಪದ ಆಟದ ಸಾಮಾನುಗಳು ವಿರಳ.

ಮಾರಾಟದ ಕ್ರಮವೂ ಜಾಣತನದ್ದು. ೧೯೩೭ರಲ್ಲಿ ಪೆಟ್ಟಿಗೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಹೊಸದಾಗಿ ನಂಬರುಗಳನ್ನು ಕೊಟ್ಟರು. ಒಂದನೆಯ ಪೆಟ್ಟಿಗೆಯುಳ್ಳ ಹುಡುಗನು ನಡುವಣ ಒಂದು ಪೂರಕ ಪೆಟ್ಟಿಗೆಯನ್ನು ಕೊಂಡರೆ ಅವನದು ಎರಡನೆಯದಾಗುವುದು. ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಒಂಬತ್ತರವರೆಗೆ ಏರಿ, ಕಡೆಯ ಪೂರಕದಿಂದ ಹತ್ತನ್ನು ಮುಟ್ಟಬಹುದು. ಹತ್ತನೆಯದು ರಟ್ಟಿನ ಡಬ್ಬಿಯಲ್ಲ. ಸೆಳೆಖಾನೆಗಳುಳ್ಳ ಮರದ ಬೀರು. ಖಾನೆಗಳನ್ನು ಎಳೆದರೆ ಉದ್ದುದ್ದ ಪಟ್ಟಿಗಳು, ಮೂಲೆಮಡಿಕೆಯ ತೊಲೆಗಳು, ಬಾಗುವ ತಗಡುಗಳು, ಹಿತ್ತಾಳೆಯ ಹಲ್ಲುಚಕ್ರಗಳು, ರಾಟೆಗಳು, ಅಚ್ಚುಕಡ್ಡಿಗಳು, ರಾಶಿ ರಾಶಿ ನಟ್ಟು ಬೋಲ್ಟುಗಳು. ಇವುಗಳಿಂದ ಬಂದರಿನಲ್ಲಿ ಕಲ್ಲುಗಳನ್ನಿಳಿಸುವ ಮಹಾ ಕ್ರೇನಿನಂಥ ಯಂತ್ರಗಳನ್ನು ಮೇಜಿನ ಮೇಲೆ ಎತ್ತರವಾಗಿ ನಿಲ್ಲಿಸಬಹುದು. ಮೆಕ್ಯಾನೋ ತುಂಡುಗಳಿಂದ ಮಗ್ಗವನ್ನು ಕಟ್ಟಿ ನಿಜವಾಗಿಯೂ ಬಟ್ಟೆಯ ಪಟ್ಟಿಯನ್ನು ನೆಯ್ದವರುಂಟು. ಇಂಥ ಬೀರುವಿನ ಬೆಲೆ ಕಾರ್ಖಾನೆಯ ಕೂಲಿಕಾರನೊಬ್ಬನ ಎಷ್ಟೋ ವಾರಗಳ ಸಂಬಳಕ್ಕೆ ಸಮನಾಗಿದ್ದಿತು. ಆದ್ದರಿಂದ ಬಹು ಮಂದಿ ಹುಡುಗರಿಗೆ ಹತ್ತನೆಯ ನಂಬರು ಬೆಲೆಪಟ್ಟಿಯ ಕೊನೆಯ ಪುಟದ ಚಿತ್ರವಾಗಿಯೇ ಉಳಿಯಿತು. ಇಂದು ಅದನ್ನು ಕೊಳ್ಳುವ ಅರವತ್ತು ವರ್ಷದವನು, ಹತ್ತು ವರ್ಷದಂದು ಕಂಡ ಆ ಚಿತ್ರದ ಸಾಲವನ್ನು ತೀರಿಸುತ್ತಿರುವನೆಂದರೆ ತಪ್ಪಾಗದು.

ಈ ಆಟವು ಕೇವಲ ಆಟವಲ್ಲವೆಂಬುದಕ್ಕೆ ಒಂದು ಸಾಕ್ಷಿಯನ್ನು ಹೇಳುವೆವು. ೧೯೩೪ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡಗ್ಲಸ್ ಹಾರ್ಟ್ರೀ ಎಂಬವರಿಗೆ ಕ್ಲಿಷ್ಟವಾದ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದು ಬೇಕಾಗಿದ್ದಿತು. ಅಂಥದೊಂದನ್ನು ಅಮೆರಿಕದಲ್ಲಿ ವ್ಯಾನಿವರ್ ಬುಷ್ ಎಂಬವರು ರಚಿಸಿದ್ದರು. ಅದು ಸಾಧ್ಯವೇ ಎಂದು ಪರೀಕ್ಷಿಸಲು ಹಾರ್ಟ್ರೀಯವರೂ ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರರೂ ಸುಮಾರು ೨೦ ಪೌಂಡುಗಳ ಮೆಕ್ಯಾನೋ ತುಂಡುಗಳನ್ನು ಕೊಂಡು ಯಂತ್ರವನ್ನು ಕಟ್ಟಿಯೇ ಬಿಟ್ಟರು. ಅದು ಚೆನ್ನಾಗಿ ಕೆಲಸಮಾಡಿತು. ಅದರ ಯಶಸ್ಸಿನಿಂದಲೇ ಮರುವರ್ಷ ಪೂರ್ಣ ಪ್ರಮಾಣದ ಯಂತ್ರವು ಸಿದ್ಧವಾಯಿತು. ಕೇಂಬ್ರಿಜ್‌ನಲ್ಲಿ ೧೯೩೫ರಲ್ಲಿ ಕಟ್ಟಿದ ಇಂಥದೇ ಇನ್ನೊಂದು ಮೆಕ್ಯಾನೋ ಯಂತ್ರವು ೧೯೫೦ರಲ್ಲಿ ನ್ಯೂಜಿಲೆಂಡಿಗೆ ಹೋಗಿ, ಈಗ ಆಕ್ಲೆಂಡ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಹುಡುಗರ ಪೆಟ್ಟಿಗೆಯ ಹಲ್ಲುಚಕ್ರಗಳೇ ಪಂಡಿತರ ಲೆಕ್ಕವನ್ನೂ ಮಾಡಿದುವು.

ಇನ್ನು ಸಂಗ್ರಾಹಕರ ಮಾತಿಗೆ ಬರೋಣ. ಅವರು ಮೊದಲು ನೋಡುವುದು ಬಣ್ಣವನ್ನು. ೧೯೨೬ರವರೆಗೆ ತುಂಡುಗಳಿಗೆ ನಿಕಲ್ ಲೇಪವಿದ್ದಿತು. ಆ ವರ್ಷ ಕೆಂಪು ಹಸಿರುಗಳು ಬಂದುವು. ೧೯೩೪ರಲ್ಲಿ ನೀಲಿಯೂ ಹೊಂಬಣ್ಣವೂ. ಯುದ್ಧಾನಂತರ ಮರಳಿ ಕೆಂಪು ಹಸಿರು. ೧೯೬೪ರಲ್ಲಿ ಹಳದಿ ಕಪ್ಪುಗಳು. ನೀಲಿ ಹೊಂಬಣ್ಣದ ಹತ್ತನೆಯ ನಂಬರು ಏಕೆ ದುರ್ಲಭವೆಂಬುದು ಇದರಿಂದ ತಾನೇ ತಿಳಿಯುವುದು: ೧೯೩೭ರಲ್ಲಿ ಅದು ಹುಟ್ಟಿತು, ೧೯೩೯ರಲ್ಲಿ ಯುದ್ಧ ಬಂದಿತು, ೧೯೪೨ರ ಹೊತ್ತಿಗೆ ಲೋಹದ ಆಟಿಕೆಗಳ ತಯಾರಿಕೆಯೇ ನಿಂತು, ಕಾರ್ಖಾನೆಯು ಯುದ್ಧದ ಕೆಲಸಕ್ಕೆ ತೊಡಗಿತು. ಆ ಕೆಲವೇ ವರ್ಷಗಳಲ್ಲಿ ಮಾರಾಟವಾದ ದುಬಾರಿ ಬೀರುಗಳಲ್ಲಿ ಎಷ್ಟು ಉಳಿದಾವು? ಬಿನ್ಸ್ ರೋಡಿನ ಕಾರ್ಖಾನೆಯು ೧೯೭೯ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಹತ್ತನೆಯ ನಂಬರು ಮಾತ್ರ ೧೯೯೨ರವರೆಗೂ ಬಾಳಿ, ಆಮೇಲೆ ನಿಂತುಹೋಯಿತು. ಇನ್ನು ಹೊಸದು ಹುಟ್ಟುವಂತಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು.

ಇಲ್ಲಿಯೇ ಸಂಗ್ರಾಹಕನ ಧರ್ಮಸಂಕಟ ಆರಂಭವಾಗುವುದು. ಕಾರ್ಖಾನೆಯಲ್ಲಿ ತುಂಡುಗಳನ್ನು ರಟ್ಟಿನ ಮೇಲೆ ಅಂದವಾಗಿ ಜೋಡಿಸಿ ದಾರದಿಂದ ಬಿಗಿದಿಡುತ್ತಿದ್ದರು. ಹಳೆಯ ಪೆಟ್ಟಿಗೆಯಲ್ಲಿ ಆ ದಾರವು ಕತ್ತರಿಸದೆಯೇ ಉಳಿದಿದ್ದರೆ ಅದರ ಬೆಲೆ ಬಹಳ ಏರುವುದು. ಅಂದರೆ ಯಾವ ಹುಡುಗನೂ ಅದರೊಡನೆ ಆಡಲಿಲ್ಲವೆಂಬುದೇ ಅದರ ಹಿರಿಮೆ! ದಾರವನ್ನು ಕತ್ತರಿಸಿದರೆ ಆಟವುಂಟು, ಬೆಲೆಯಿಲ್ಲ. ಕತ್ತರಿಸದಿದ್ದರೆ ಬೆಲೆಯುಂಟು, ಆಟವಿಲ್ಲ. ಕಟ್ಟುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಕಟ್ಟದೆ ಇಡುವುದು ನ್ಯಾಯವೆ ಎಂದು ಒಂದು ಪಕ್ಷದವರು ಕೇಳುವರು. ಒಮ್ಮೆ ಕತ್ತರಿಸಿದ ದಾರವನ್ನು ಯಾರು ಮರಳಿ ತಂದಾರು ಎಂದು ಇನ್ನೊಂದು ಪಕ್ಷದವರು ಉತ್ತರಿಸುವರು.

ನಮಗೆ ತೋರುವುದೇನೆಂದರೆ, ಇಬ್ಬರೂ ಅರ್ಧ ಸತ್ಯವನ್ನು ಹಿಡಿದಿರುವರು. ದಾರ ಕಡಿಯದ ಪೆಟ್ಟಿಗೆಯು ಕಾರ್ಖಾನೆಯ ಕೈಬರಹವಿದ್ದಂತೆ. ಮೂಲದಲ್ಲಿ ಹೇಗಿದ್ದಿತೆಂದು ತಿಳಿಯಲು ಅಂಥವು ಕೆಲವಾದರೂ ಉಳಿಯಬೇಕು. ಆದರೆ ಒಮ್ಮೆ ಬಳಕೆಗೆ ಬಂದ ಪೆಟ್ಟಿಗೆಯನ್ನು ಗಾಜಿನ ಹಿಂದೆ ಸೆರೆಯಿಡುವುದರಲ್ಲಿ ಅರ್ಥವಿಲ್ಲ. ಅದರ ಪಟ್ಟಿಗಳ ಮೇಲೆ ಬೋಲ್ಟಿನ ತಲೆ ಉಜ್ಜಿದ ಗುರುತುಗಳಿರುವುವು. ಯಾವನೋ ಹುಡುಗನ ಮಳೆಗಾಲದ ಸಂಜೆಗಳ ಗುರುತುಗಳವು. ಅಂಥದರಿಂದ ಕಟ್ಟಬೇಕು, ಕಟ್ಟಿದುದನ್ನು ಹತ್ತು ಮಂದಿಗೆ ತೋರಿಸಬೇಕು. ಇಂಗ್ಲೆಂಡಿನಲ್ಲಿ ಈ ಹವ್ಯಾಸಿಗಳ ಸಂಘಗಳು ಇದನ್ನೇ ಮಾಡುತ್ತಿವೆ. ಸ್ಕೆಗ್‌ನೆಸ್ ಎಂಬ ಕಡಲತೀರದ ಊರಿನಲ್ಲಿ ಬೇಸಗೆಯ ಪ್ರದರ್ಶನವು ಅನೇಕ ವರ್ಷಗಳಿಂದ ನಡೆದುಬಂದಿದೆ.

ಎರಡನೆಯ ಸಂಕಟವು ಪ್ರಾಮಾಣಿಕತೆಯದು. ಕಡಮೆಯಾದ ತುಂಡುಗಳಿಗೆ ಬದಲಾಗಿ ಹೊಸದಾಗಿ ಮಾಡಿದ ಪ್ರತಿರೂಪಗಳು ದೊರೆಯುವುವು. ಬಣ್ಣ ಮಾಸಿದ ಪಟ್ಟಿಗಳಿಗೆ ಹೊಸ ಬಣ್ಣ ಹೊಡೆದು ಥಳಥಳಿಸುವಂತೆ ಮಾಡುವವರೂ ಇರುವರು. ಕಟ್ಟುವವನಿಗೆ ಇವೆರಡರಿಂದಲೂ ದೋಷವಿಲ್ಲ. ಆದರೆ ಅದೇ ಪೆಟ್ಟಿಗೆಯನ್ನು ‘ಮೂಲದಲ್ಲಿದ್ದಂತೆಯೇ ಇದೆ’ ಎಂದು ಹೇಳಿ ಮಾರಿದರೆ ಅದು ಮೋಸವೇ ಸರಿ. ಬೇರೆ ಬೇರೆ ಕಾಲದ ಚಿಕ್ಕ ಪೆಟ್ಟಿಗೆಗಳನ್ನು ಕೂಡಿಸಿ ಹತ್ತನೆಯದನ್ನು ತುಂಬಿದವರೂ ಅನೇಕರು. ಎಣಿಕೆ ಸರಿಯಾಗುವುದು, ಆದರೆ ಒಂದು ಹಸಿರು ಇನ್ನೊಂದು ಹಸಿರಿಗೆ ಹೊಂದದೆ ಗುಟ್ಟನ್ನು ಹೊರಗೆಡಹುವುದು. ಹೀಗೆ ಮೆಟ್ಟಿಲೇರಿ ತುಂಬಿದ ಪೆಟ್ಟಿಗೆಯಲ್ಲಿ ಅವಮಾನವೇನೂ ಇಲ್ಲ. ಕಾರ್ಖಾನೆಯೇ ಹಾಕಿಕೊಟ್ಟ ದಾರಿಯಲ್ಲವೆ ಅದು? ಅದು ಹಾಗೆಂದು ಬರೆದಿಟ್ಟರೆ ಸಾಕು.

ಇದರ ಪಾಲನೆ ಕಷ್ಟವಲ್ಲ, ಆದರೆ ಬೇಸರಪಡದೆ ಮಾಡಬೇಕು. ಉಕ್ಕಿಗೆ ತೇವವೇ ಶತ್ರು. ಆದುದರಿಂದ ಬೀರುವನ್ನು ಒದ್ದೆ ಗೋಡೆಗೆ ತಗಲಿಸದೆ ಒಣಗಿದ ಕೋಣೆಯಲ್ಲಿಡಬೇಕು. ಬೆವರಿದ ಕೈಯಿಂದ ಮುಟ್ಟಿದ ತುಂಡನ್ನು ಒಣ ಬಟ್ಟೆಯಿಂದ ಒರೆಸದೆ ಖಾನೆಗೆ ಹಾಕಬಾರದು. ನಿಕಲ್ ಲೇಪದ ತುಂಡುಗಳನ್ನು ಹೊಳಪಿನ ಆಸೆಯಿಂದ ಒರಟಾಗಿ ತಿಕ್ಕಿದರೆ ತುಕ್ಕಿನೊಡನೆ ಲೇಪವೂ ಹೋಗುವುದು. ನಟ್ಟು ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಬಣ್ಣ ಹರಿಯುವುದು. ಬಾಗಿದ ಪಟ್ಟಿಯನ್ನು ಸಮವಾದ ಮರದ ಮೇಲಿಟ್ಟು ಮೆಲ್ಲನೆ ನೇರ ಮಾಡಬೇಕಲ್ಲದೆ ಸುತ್ತಿಗೆಯಿಂದ ಬಡಿಯಬಾರದು.

ಮುಖ್ಯವಾದ ಮಾತೊಂದು ಉಳಿದಿದೆ. ಬಾಲ್ಯದಲ್ಲಿ ಈ ಆಟವಾಡಿದ ತಲೆಮಾರಿನವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವರು. ಒಡೆಯನು ಕಣ್ಮುಚ್ಚಿದ ಮೇಲೆ ಮನೆಯವರಿಗೆ ಆ ಬೀರು ಏನೆಂದು ತಿಳಿಯದು. ಅಪ್ಪನ ಹಳೆಯ ಕಬ್ಬಿಣವೆಂದು ಯಾರೋ ಗುಜರಿಯವನಿಗೆ ಹಾಕುವರು. ಇಲ್ಲವೆ ವ್ಯಾಪಾರಿಯೊಬ್ಬನು ಕೊಂಡು, ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಲಾಭವೆಂದು ಹಲ್ಲುಚಕ್ರಗಳನ್ನು ಒಬ್ಬನಿಗೂ, ತೊಲೆಗಳನ್ನು ಇನ್ನೊಬ್ಬನಿಗೂ, ಬರಿದಾದ ಬೀರುವನ್ನು ಮತ್ತೊಬ್ಬನಿಗೂ ಕೊಡುವನು. ನಲವತ್ತು ವರ್ಷ ಕೂಡಿಸಿದ್ದು ಒಂದು ಮಧ್ಯಾಹ್ನದಲ್ಲಿ ಚದರುವುದು. ಇದಕ್ಕೆ ತುಂಡುಗಳನ್ನು ಕೊಂಡವರನ್ನಾಗಲಿ ಮಾರಿದ ಹೆಂಡತಿ ಮಕ್ಕಳನ್ನಾಗಲಿ ದೂರಿ ಫಲವಿಲ್ಲ. ಹೇಳದೆ ಹೋದ ಒಡೆಯನದೇ ತಪ್ಪು. ಇಂಥ ಪೆಟ್ಟಿಗೆಯುಳ್ಳವನು, ಅದರಲ್ಲಿ ಏನೇನಿದೆ, ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು, ತನ್ನ ತರುವಾಯ ಅದು ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಮೇಲಿನ ಖಾನೆಯಲ್ಲಿಡಬೇಕು. ಮನೆಯವರನ್ನು ಕೂರಿಸಿಕೊಂಡು ಒಮ್ಮೆಯಾದರೂ ತೋರಿಸಬೇಕು. ಬೀಗದ ಕೈಯನ್ನು ತನ್ನಲ್ಲಿಯೇ ಬಚ್ಚಿಟ್ಟವನು ಸೊತ್ತನ್ನು ಕಾಪಾಡಿದವನಲ್ಲ.

ನಮ್ಮ ದೇಶದ ಅನೇಕ ಮನೆಗಳಲ್ಲಿ ಇದೇ ಬಗೆಯ ‘ಮೆಕ್ಯಾನಿಕ್ಸ್’ ಎಂಬ ಪೆಟ್ಟಿಗೆಗಳು ಮಕ್ಕಳ ಕೈಗೆ ಬಂದಿರುವುವು. ಅದರಲ್ಲಿ ಆಡಿದ ವಾಚಕರು ಒಂದು ಸಂಗತಿಯನ್ನು ಬಲ್ಲರು. ಕಟ್ಟಿದ ಕ್ರೇನು ಎಷ್ಟೇ ಸುಂದರವಾಗಿರಲಿ, ಇನ್ನೊಂದನ್ನು ಕಟ್ಟಬೇಕಾದರೆ ಅದನ್ನು ಬಿಚ್ಚಲೇಬೇಕು. ಮೊದಲ ಬೋಲ್ಟನ್ನು ಸಡಿಲಿಸುವಾಗ ಮನಸ್ಸು ಹಿಂಜರಿಯುವುದು. ಆದರೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಎಣಿಸಿ, ಅದದರ ಖಾನೆಗೆ ಸೇರಿಸಿದಾಗಲೇ ಪೆಟ್ಟಿಗೆಯು ಮತ್ತೆ ಪೂರ್ಣವಾಗುವುದು. ಹತ್ತನೆಯ ನಂಬರಿನ ಒಡೆತನವೂ ಅಂಥದೇ. ಕೆಲವು ಕಾಲ ನಮ್ಮ ಇಷ್ಟದಂತೆ ಕಟ್ಟಿ ನೋಡಿ, ಒಂದು ತುಂಡೂ ಕಡಮೆಯಾಗದಂತೆ ಜೋಡಿಸಿ, ಮುಂದಿನವನ ಕೈಗೆ ಒಪ್ಪಿಸುವುದಕ್ಕಾಗಿ ಅದು ನಮ್ಮ ಬಳಿ ಇರತಕ್ಕದ್ದು.